ಯಾರೂ ಕೂಡಿಸದ ಶ್ರುತಿ

ಬೇಸ್ ಗಿಟಾರಿಗೆ ಕೇಬಲ್ ಚುಚ್ಚಿ ಆಂಪ್ ಆನ್ ಮಾಡಿದ ಕೂಡಲೇ, ಬೆರಳು ತಂತಿಗೆ ತಾಗುವ ಮೊದಲೇ, ಒಂದು ಸ್ವರ ಕೋಣೆಯೊಳಗೆ ಬಂದು ಕೂತಿರುತ್ತದೆ. ಯಾರೂ ಕೂಡಿಸದ ಶ್ರುತಿ ಅದು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಆವರ್ತನೆ ಹಾಕುತ್ತದೆ. ಬೇಸ್‌ನ ಅತಿ ದಪ್ಪ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಎರಡಕ್ಕೂ ಒಂದೇ ಹರ್ಟ್ಸ್ ಅಂತರ. ಆಂಪ್ ಗುಂಯ್ ಎನ್ನುತ್ತಿರುವಾಗಲೇ ಆ ಜಿ ನುಡಿಸಿ, ಕೈಬಿಡದೆ ಕಿವಿಗೊಟ್ಟು ಕೂತರೆ, ಎರಡು ಸ್ವರಗಳೂ ಒಂದನ್ನೊಂದು ತಾಕಿ ಸುಮಾರು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುವುದು ಗೊತ್ತಾಗುತ್ತದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಹಾಗಾಗಿ ಅಲ್ಲಿಯವರ ಗುಂಯ್ ಬಿ-ಫ್ಲಾಟ್ ಮತ್ತು ಬಿ ಸ್ವರಗಳ ನಟ್ಟನಡುವೆ ಬೀಳುತ್ತದೆ.

ಕಳೆದ ತಿಂಗಳು ಅಕ್ಕನ ಮಗ ತನ್ನ ಬೇಸ್ ಹೊತ್ತುಕೊಂಡು ಮನೆಗೆ ಬಂದ. ಮುಖ ಸಪ್ಪಗಿತ್ತು. ‘ಮಾವ, ಪಿಕಪ್ ಹೋಗಿದೆಯಂತೆ. ಎರಡೂ ಬದಲಾಯಿಸಬೇಕು ಅಂದ್ರು ಅಂಗಡೀಲಿ.’

‘ಪಿಕಪ್ ಹೋಗಿದ್ರೆ ಗುಂಯ್ ಅನ್ನೋದೂ ಕೇಳಿಸ್ತಿರ್ಲಿಲ್ಲ ಕಣೋ. ತಾಳು, ಮೊದಲು ಕೇಳೋಣ,’ ಅಂದೆ.

ಕೆಟ್ಟ ಪಿಕಪ್ಪು ಮಂಕಾಗುತ್ತದೆ, ಇಲ್ಲವೇ ಮೂಕವಾಗುತ್ತದೆ. ಗುಂಯ್‌ಗುಡುವ ಪಿಕಪ್ಪಿನ ಕಿವಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಅದು ಬೇಡದ್ದನ್ನೂ ಕೇಳಿಸಿಕೊಳ್ಳುತ್ತಿದೆ, ಅಷ್ಟೆ. ಆದ್ದರಿಂದ ಬಿಡಿಭಾಗಕ್ಕೆ ದುಡ್ಡು ಸುರಿಯುವ ಮೊದಲು ಆ ಶಬ್ದ ಎಲ್ಲಿಂದ ಒಳಗೆ ಬರುತ್ತಿದೆ ಎಂದು ಪತ್ತೆ ಮಾಡಬೇಕು. ಈ ಪತ್ತೆಯ ಕೆಲಸಕ್ಕೆ ಬೇಕಾಗುವುದು ಕಿವಿ, ತಾಳ್ಮೆ, ಒಂದು ಮಲ್ಟಿಮೀಟರ್. ಇಂಥ ಬೇಸ್‌ಗಳು ಬಂದಾಗ ಹೆಚ್ಚಿನ ಸಲ ರಿಪೇರಿ ಒಂದು ಬೆಸುಗೆಯಲ್ಲಿ ಮುಗಿದಿರುವುದನ್ನು ನಾನು ನೋಡಿದ್ದೇನೆ.

ಮೊದಲಿಗೆ, ಶಬ್ದಗಳು ಎರಡು ಬಗೆ ಎಂದು ಗುರುತಿಸಬೇಕು. ಒಂದು ಗುಂಯ್. ದುಂಡಗೆ, ತಗ್ಗಿನಲ್ಲಿ, ಟ್ರಾನ್ಸ್‌ಫಾರ್ಮರ್ ಕಂಬದ ಕೆಳಗೆ ನಿಂತಾಗ ಕೇಳುವಂಥದ್ದು. ಇನ್ನೊಂದು ಜರ್ರ್. ಮುಳ್ಳುಮುಳ್ಳಾಗಿ, ಗಾಜಿನ ಕಿಟಕಿಗೆ ಬಡಿದುಕೊಳ್ಳುವ ನೊಣದಂತೆ ಕರಕರೆಯಾಗಿ ಇರುವಂಥದ್ದು. ಇವು ಒಳಗೆ ಬರುವ ದಾರಿಗಳೇ ಬೇರೆ. ಗುಂಯ್ ಹೆಚ್ಚಾಗಿ ಅಯಸ್ಕಾಂತ ಕ್ಷೇತ್ರದ ಮೂಲಕ ಬರುತ್ತದೆ, ಜರ್ರ್ ಹೆಚ್ಚಾಗಿ ವಿದ್ಯುತ್ ಕ್ಷೇತ್ರದ ಮೂಲಕ. ದಾರಿ ಬೇರೆಯಾದ ಮೇಲೆ ಮದ್ದೂ ಬೇರೆ. ಗುಂಯ್‌ಗೆ ಮಾಡುವ ಮದ್ದನ್ನು ಜರ್ರ್‌ಗೆ ಹಾಕಿ ‘ಏನೂ ಪ್ರಯೋಜನವಾಗಲಿಲ್ಲ’ ಎಂದು ಸೋತು ಕೂರುವವರೇ ಹೆಚ್ಚು.

ಪಿಕಪ್ಪಿನೊಳಗೆ ಮುಖ್ಯವಾಗಿ ಇರುವುದು ಎರಡೇ ವಸ್ತು. ಅಯಸ್ಕಾಂತ ಒಂದು, ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ, ಕೂದಲೆಳೆಯಷ್ಟು ತೆಳುವಾದ ತಾಮ್ರದ ವೈರು ಇನ್ನೊಂದು. ಅಯಸ್ಕಾಂತ ಕ್ಷೇತ್ರ ಬದಲಾದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟರು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಅಲುಗಾಡಿದಾಗ ಆಗುವುದೂ ಅದೇ. ಆದರೆ ಸುರುಳಿಗೆ ಕ್ಷೇತ್ರವನ್ನು ಅಲುಗಿಸಿದ್ದು ತಂತಿಯೋ, ಟ್ಯೂಬ್‌ಲೈಟಿನ ಚೋಕೋ, ಆಂಪ್‌ನ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರೋ ಎಂಬುದು ತಿಳಿಯದು. ಬಂದದ್ದನ್ನೆಲ್ಲ ಆಂಪ್‌ಗೆ ಒಪ್ಪಿಸುತ್ತದೆ.

ಹುಡುಗನ ಬೇಸನ್ನು ಹಿಡಿದು ನಾವು ಒಂದೊಂದನ್ನೇ ಕಳೆಯುತ್ತಾ ಬಂದೆವು. ಮೊದಲು ವಾಲ್ಯೂಮ್ ಸೊನ್ನೆಗೆ. ಆಗಲೂ ಶಬ್ದ ಹಾಗೇ ಇದ್ದರೆ ಬೇಸ್‌ನ ಪಿಕಪ್ಪನ್ನು ದೂರಿ ಉಪಯೋಗವಿಲ್ಲ, ತಪ್ಪು ಕೇಬಲ್‌ನದ್ದು, ಆಂಪ್‌ನದ್ದು ಅಥವಾ ಕರೆಂಟಿನ ದಾರಿಯದ್ದು. ಆಮೇಲೆ ಕೇಬಲ್ಲನ್ನೇ ಆಂಪ್‌ನಿಂದ ಕಿತ್ತು ನೋಡಬೇಕು. ಏನೂ ಚುಚ್ಚದೆ ಇದ್ದಾಗಲೂ ಆಂಪ್ ಗುಂಯ್ ಎಂದರೆ ರೋಗ ಅದರೊಳಗೇ ಇದೆ. ಇಲ್ಲೂ ಕಿವಿ ಸಹಾಯಕ್ಕೆ ಬರುತ್ತದೆ. ಬೇಸ್‌ನ ಅತಿ ತೆಳು ತಂತಿಯನ್ನು ಬಿಡಿಯಾಗಿ ಮೀಟಿದರೆ 98 ಹರ್ಟ್ಸ್. ಆಂಪ್‌ನ ಗುಂಯ್ ಅದರ ಹತ್ತಿರಕ್ಕಿದ್ದರೆ ಅದು 100 ಹರ್ಟ್ಸ್, ಅಂದರೆ ಎಸಿಯನ್ನು ಡಿಸಿ ಮಾಡುವಾಗ ಉಳಿಯುವ ಅಲೆ. ಆ ಅಲೆಯನ್ನು ನಯಮಾಡಬೇಕಾದ ದೊಡ್ಡ ಕೆಪಾಸಿಟರ್‌ಗಳು ವಯಸ್ಸಾಗಿ ಒಣಗಿರಬಹುದು. ಅದನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ತುಂಬಿಕೊಂಡಿರುತ್ತದೆ. ವಾಲ್ವ್ ಆಂಪ್‌ಗಳಲ್ಲಂತೂ ಅದು ನೂರಾರು ವೋಲ್ಟ್. ಅದು ಬಲ್ಲವರ ಕೈಯ ಕೆಲಸ.

ಕೇಬಲ್ಲನ್ನು ಪರೀಕ್ಷಿಸುವುದು ಸುಲಭ, ಬೇರೊಂದನ್ನು ಹಾಕಿ ನೋಡಿದರಾಯಿತು. ಗಿಟಾರಿನ ಕೇಬಲ್ಲಿನಲ್ಲಿ ನಡುವಿನ ವೈರಿನ ಸುತ್ತ ಬಲೆಯಂತೆ ತಾಮ್ರ ಹೆಣೆದಿರುತ್ತದೆ. ಸ್ಪೀಕರ್ ವೈರಿಗೆ ಆ ಬಲೆ ಇರುವುದಿಲ್ಲ. ಎರಡಕ್ಕೂ ತುದಿಯಲ್ಲಿ ಒಂದೇ ಥರದ ಜಾಕ್ ಇರುವುದರಿಂದ ಅದನ್ನು ಇದಕ್ಕೆ ಚುಚ್ಚಿ ದಿನಗಟ್ಟಲೆ ಒದ್ದಾಡಿದವರನ್ನು ನಾನು ಬಲ್ಲೆ.

ನಮ್ಮ ಬೇಸ್ ವಾಲ್ಯೂಮ್ ಸೊನ್ನೆಗೆ ತಂದ ತಕ್ಷಣ ಮೌನವಾಯಿತು. ಅಲ್ಲಿಗೆ ಶಬ್ದ ಒಳಬರುತ್ತಿರುವುದು ಬೇಸ್‌ನಿಂದಲೇ ಎಂದಾಯಿತು. ಮುಂದಿನ ಪರೀಕ್ಷೆ ಮಕ್ಕಳಾಟದಂತಿದೆ. ತಿರುಗುವ ಕುರ್ಚಿಯಲ್ಲಿ ಬೇಸ್ ಹಿಡಿದು ಕೂತು ನಿಧಾನಕ್ಕೆ ಒಂದು ಸುತ್ತು ತಿರುಗಬೇಕು. ಒಂದು ದಿಕ್ಕಿನಲ್ಲಿ ಶಬ್ದ ಜೋರಾಗಿ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಸತ್ತುಹೋದರೆ ಅದು ಅಯಸ್ಕಾಂತದ ಗುಂಯ್. ಸುರುಳಿ ಕ್ಷೇತ್ರಕ್ಕೆ ಯಾವ ಕೋನದಲ್ಲಿ ನಿಂತಿದೆ ಎಂಬುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ನಮ್ಮದು ಯಾವ ದಿಕ್ಕಿಗೆ ತಿರುಗಿದರೂ ಒಂದೇ ಸಮ ಜರ್ರ್.

ಇನ್ನುಳಿದದ್ದು ಮುಟ್ಟಿ ನೋಡುವುದು. ಇಲ್ಲೊಂದು ತಪ್ಪು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ತಂತಿ ಮುಟ್ಟಿದಾಗ ಜರ್ರ್ ನಿಂತುಹೋದರೆ ‘ಬೇಸ್‌ನ ಅರ್ಥಿಂಗ್ ಸರಿಯಿಲ್ಲ’ ಎನ್ನುತ್ತಾರೆ. ಅದು ತಿರುಗುಮುರುಗು. ನಿಂತಿತೆಂದರೆ ಅರ್ಥಿಂಗ್ ಸರಿಯಿದೆ ಎಂದೇ ಅರ್ಥ. ನಮ್ಮ ಮೈ ಬಹುಪಾಲು ಉಪ್ಪುನೀರು. ಗೋಡೆಯೊಳಗಿನ ವೈರು, ಲೈಟು, ಫ್ಯಾನುಗಳ ವಿದ್ಯುತ್ ಕ್ಷೇತ್ರವನ್ನೆಲ್ಲ ಆಂಟೆನಾದಂತೆ ಹೀರಿಕೊಂಡು, ಹೊಟ್ಟೆಗೆ ಒತ್ತಿ ಹಿಡಿದ ಬೇಸ್‌ನೊಳಕ್ಕೆ ದಾಟಿಸುತ್ತಿರುತ್ತದೆ. ತಂತಿಗಳು ಬ್ರಿಜ್ ಮೂಲಕ ಒಂದು ಸಣ್ಣ ವೈರಿನಿಂದ ಜಾಕ್‌ನ ನೆಲಭಾಗಕ್ಕೆ ಸೇರಿರುತ್ತವೆ. ತಂತಿ ಮುಟ್ಟಿದೊಡನೆ ಮೈಯೂ ಆ ನೆಲಕ್ಕೆ ಸೇರಿ, ಅಲ್ಲಿಯವರೆಗೆ ಆಂಟೆನಾ ಆಗಿದ್ದದ್ದು ಗುರಾಣಿಯಾಗುತ್ತದೆ. ಹೀಗಿರುವ ಬೇಸ್‌ಗೆ ಬೇಕಾದದ್ದು ಒಳಗೊಂದು ಲೋಹದ ಕವಚ ಮಾತ್ರ.

ತಂತಿ ಮುಟ್ಟಿದರೆ ಏನೂ ಆಗದೆ, ಜಾಕ್‌ನ ಲೋಹ ಮುಟ್ಟಿದಾಗ ಮಾತ್ರ ಶಬ್ದ ನಿಂತರೆ ಬ್ರಿಜ್‌ನ ವೈರು ಕಿತ್ತಿದೆ. ತಂತಿ ಮುಟ್ಟಿದಾಗ ಇನ್ನೂ ಜೋರಾದರೆ ವೈರು ಕಿತ್ತಿರಬಹುದು, ಇಲ್ಲವೇ ಜಾಕ್‌ನಲ್ಲಿ ಎರಡು ವೈರು ಅದಲುಬದಲಾಗಿರಬಹುದು. ಬೇಸ್‌ನವರಿಗೆಂದೇ ಒಂದು ವಿಶೇಷ: ನೈಲಾನ್ ಪಟ್ಟಿ ಸುತ್ತಿದ ಕಪ್ಪು ತಂತಿ ಹಾಕಿದ್ದರೆ ಬೆರಳು ಲೋಹಕ್ಕೆ ತಾಗುವುದೇ ಇಲ್ಲ. ಅಂಥವರು ಬ್ರಿಜ್ಜನ್ನೇ ಮುಟ್ಟಿ ನೋಡಬೇಕು.

ಹುಡುಗ ತಂತಿ ಮುಟ್ಟಿದ. ಜರ್ರ್ ಹಾಗೇ ಇತ್ತು. ಜಾಕ್‌ನ ತಟ್ಟೆ ಮುಟ್ಟಿದ. ನಿಂತಿತು. ‘ಸಿಕ್ತು ನೋಡು,’ ಅಂದೆ. ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಜಾಕ್‌ನ ಹೊರಭಾಗಕ್ಕೆ ಮುಟ್ಟಿಸಿದೆವು. ಬೀಪ್ ಬರಲಿಲ್ಲ. ಬ್ರಿಜ್‌ನ ಸ್ಕ್ರೂ ಬಿಚ್ಚಿ ಎತ್ತಿದಾಗ ಕೆಳಗೆ ಮರದಲ್ಲೊಂದು ಸಣ್ಣ ತೂತು, ಅದರಿಂದ ಹೊರಗಿಣುಕಿದ ಹೊಲಿಗೆ ದಾರದಷ್ಟು ವೈರು. ಅದರ ತುದಿ ಹಸಿರುಗಟ್ಟಿ, ಹಳೆಯ ತಾಮ್ರದ ತಂಬಿಗೆಯ ತಳದಂತಾಗಿತ್ತು. ಬ್ರಿಜ್‌ನ ತಳಕ್ಕೆ ಒತ್ತಿ ಕೂರುವುದರಿಂದಲೇ ಸಂಪರ್ಕ, ಅಲ್ಲಿ ಬೆಸುಗೆ ಇರುವುದಿಲ್ಲ. ವರ್ಷಗಟ್ಟಲೆಯ ಬೆವರು ಆ ಒತ್ತನ್ನು ತಿಂದು ಹಾಕಿತ್ತು. ವೈರಿನ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಇನ್ನೊಂದು ಇಂಚು ಸಿಪ್ಪೆ ಸುಲಿದು, ಎಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಬ್ರಿಜ್‌ನ ತಳವನ್ನೂ ಹೊಳೆಯುವವರೆಗೆ ಉಜ್ಜಿ ಕೂರಿಸಿದೆವು.

ವೈರಿನ ಇನ್ನೊಂದು ತುದಿ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಬೆಸೆದಿತ್ತು. ಆ ಬೆಸುಗೆಯೂ ಬೂದು ಬಣ್ಣಕ್ಕೆ ತಿರುಗಿ, ಸುತ್ತ ಬಿರುಕು ಬಿಟ್ಟು, ಬೆರಳಿಗೆ ಅಲ್ಲಾಡುತ್ತಿತ್ತು. ಪಾಟ್‌ನ ಬೆನ್ನಿಗೆ ಬೆಸೆಯುವಾಗ ಎಲ್ಲರೂ ಎಡವುತ್ತಾರೆ. ಅದು ದೊಡ್ಡ ಲೋಹ, ಶಾಖವನ್ನು ಕುಡಿದುಬಿಡುತ್ತದೆ. ರೇಡಿಯೊ ರಿಪೇರಿಯ 25 ವಾಟ್ ಐರನ್ ಸಾಲದು, 60 ವಾಟ್‌ನದ್ದು ಬೇಕು. ಬೆನ್ನನ್ನು ಮೊದಲು ಉಜ್ಜಬೇಕು, ಕಾಯಿಸಬೇಕು, ಸೀಸ ತಾನಾಗಿ ಕರಗಿ ಹರಡುವಷ್ಟು ಕಾಯ್ದ ಮೇಲೆ ಬೇಗ ಮುಗಿಸಿ ಐರನ್ ತೆಗೆಯಬೇಕು. ಸೀಸ ಎಣ್ಣೆಯಂತೆ ಹರಡಿ ಕೂತರೆ ಬೆಸುಗೆ ಹಿಡಿದಿದೆ, ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತರೆ ಹಿಡಿದಿಲ್ಲ. ಮೀಟರಿಟ್ಟೆವು. ಬೀಪ್ ಬಂತು. ಹುಡುಗ ತಂತಿ ಮುಟ್ಟಿದ. ಮೌನ.

ಕೈ ತೆಗೆದರೆ ಸಣ್ಣಗೆ ಜರ್ರ್ ಇನ್ನೂ ಇತ್ತು. ಅದಕ್ಕೆ ಕವಚ. ಫ್ಯಾರಡೆಯ ಹೆಸರು ಇಲ್ಲೂ ಬರುತ್ತದೆ. ಲೋಹದ ಪಂಜರದೊಳಕ್ಕೆ ಹೊರಗಿನ ವಿದ್ಯುತ್ ಕ್ಷೇತ್ರ ಹೋಗಲಾರದು ಎಂದು ಅವರು 1836ರಲ್ಲಿ ತೋರಿಸಿದ್ದರು. ಬೇಸ್‌ನ ಮರದಲ್ಲಿ ಕೊರೆದ ಗೂಡಿಗೆ ಒಳಗಿನಿಂದ ಅಂಥ ಪಂಜರ ಕಟ್ಟುವುದೇ ಕವಚ ಹಾಕುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಅಂಟಿರುವ ತಾಮ್ರದ ಟೇಪು ಕೇಳಿ ತರಬಹುದು. ಗೂಡಿನ ತಳ, ಗೋಡೆ, ಮುಚ್ಚಳದ ಒಳಮೈ ಎಲ್ಲಕ್ಕೂ ಒಂದರ ಮೇಲೊಂದು ಅಂಚು ಹತ್ತಿಸಿ ಅಂಟಿಸಬೇಕು. ಅಂಚುಗಳ ನಡುವೆ ಸಂಪರ್ಕ ಇದೆಯೇ ಎಂದು ಮೀಟರಿನಿಂದ ನೋಡಿ, ಇಲ್ಲದ ಕಡೆ ಒಂದು ಚುಕ್ಕೆ ಬೆಸುಗೆ ಹಾಕಬೇಕು. ಕೊನೆಗೆ ಇಡೀ ಕವಚವನ್ನು ಒಂದು ವೈರಿನಿಂದ ನೆಲಕ್ಕೆ ಸೇರಿಸಬೇಕು. ನೆಲಕ್ಕೆ ಸೇರದ ಕವಚದಿಂದ ಪ್ರಯೋಜನ ತೀರಾ ಕಡಿಮೆ. ಜಾಕ್‌ನ ನಾಲಗೆ ಟೇಪಿಗೆ ತಾಗದಂತೆಯೂ ನೋಡಿಕೊಳ್ಳಿ, ತಾಗಿದರೆ ಬೇಸ್ ಪೂರ್ತಿ ಮೂಕವಾಗುತ್ತದೆ.

ಆದರೆ ಈ ಕವಚ ಗುಂಯ್‌ಗೆ ಮದ್ದಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅರ್ಧ ದಿನ ಕೂತು ಟೇಪು ಅಂಟಿಸಿ ನಿರಾಶರಾದವರು ಬಹಳ. 50 ಹರ್ಟ್ಸ್‌ನ ಅಯಸ್ಕಾಂತ ಕ್ಷೇತ್ರಕ್ಕೆ ಕಾಗದದಷ್ಟು ತೆಳುವಾದ ತಾಮ್ರ ಇದ್ದೂ ಇಲ್ಲದಂತೆ. ಅದಕ್ಕೆ ಬೇರೆಯೇ ಉಪಾಯ ಬೇಕಾಯಿತು. ಗಿಬ್ಸನ್ ಕಂಪನಿಯ ಸೇಥ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ ಪಿಕಪ್ಪಿನ ಉಪಾಯ ಅದೇ. ಪಕ್ಕಪಕ್ಕ ಎರಡು ಸುರುಳಿ ಇಟ್ಟು, ಒಂದನ್ನು ಇನ್ನೊಂದಕ್ಕೆ ಎದುರು ಮಾಡಿದರೆ ಹೊರಗಿನ ಗುಂಯ್ ಎರಡರಲ್ಲೂ ತದ್ವಿರುದ್ಧವಾಗಿ ಹುಟ್ಟಿ ಒಂದನ್ನೊಂದು ಅಳಿಸುತ್ತದೆ. ಹಾಗಾದರೆ ತಂತಿಯ ಸ್ವರವೂ ಅಳಿಯಬೇಕಲ್ಲ? ಅಳಿಯದಂತೆ ಎರಡನೆಯದರ ಅಯಸ್ಕಾಂತದ ತುದಿಗಳನ್ನೂ ಅದಲುಬದಲು ಮಾಡುತ್ತಾರೆ. ದೋಸೆಯನ್ನು ಎರಡು ಸಲ ಮಗುಚಿದರೆ ಮೊದಲಿನ ಮುಖವೇ ಮೇಲೆ ಬರುತ್ತದಲ್ಲ, ಹಾಗೆ ಸ್ವರ ಎರಡು ಸಲ ಮಗುಚಿ ಸರಿಯಾಗುತ್ತದೆ. ಗುಂಯ್ ಹೊರಗಿನದ್ದು, ಪಿಕಪ್ಪಿನ ಅಯಸ್ಕಾಂತದ ಹಂಗು ಅದಕ್ಕಿಲ್ಲ. ಅದು ಒಂದೇ ಸಲ ಮಗುಚಿ ಸಾಯುತ್ತದೆ.

ಬೇಸ್ ಲೋಕದಲ್ಲಿ ಇದು ಬೇರೆ ರೂಪದಲ್ಲಿ ಬಂತು. ಫೆಂಡರ್‌ನ ಪ್ರಿಸಿಷನ್ ಬೇಸ್ 1951ರಲ್ಲಿ ಒಂಟಿ ಸುರುಳಿಯೊಂದಿಗೆ ಹೊರಬಂದಿತ್ತು. 1957ರಲ್ಲಿ ಅದರ ಪಿಕಪ್ಪನ್ನು ಎರಡು ತುಂಡು ಮಾಡಿ ದಪ್ಪ ತಂತಿಗಳೆರಡಕ್ಕೆ ಒಂದು, ತೆಳು ತಂತಿಗಳೆರಡಕ್ಕೆ ಇನ್ನೊಂದು ಎಂದು ಕೂರಿಸಿದರು. ಎರಡು ತುಂಡೂ ಒಂದಕ್ಕೊಂದು ಎದುರು. ಅದಕ್ಕೇ ಆ ಬೇಸ್ ಇಂದಿಗೂ ಅಷ್ಟು ಶಾಂತ. 1960ರಲ್ಲಿ ಬಂದ ಜಾಝ್ ಬೇಸ್‌ಗೆ ಎರಡು ಒಂಟಿ ಸುರುಳಿಗಳು, ಅವುಗಳ ಜೋಡಿಯೇ ಹಂಬಕರ್. ಎರಡೂ ವಾಲ್ಯೂಮ್ ಪೂರ್ತಿ ಇದ್ದಾಗ ಗುಂಯ್ ಇಲ್ಲ. ಒಂದನ್ನು ಇಳಿಸಿದರೆ ತಕ್ಕಡಿ ತಪ್ಪಿ ಗುಂಯ್ ಮೇಲೇಳುತ್ತದೆ. ಇದು ಕೆಟ್ಟದ್ದಲ್ಲ, ಆ ಬೇಸ್‌ನ ಸ್ವಭಾವವೇ ಹಾಗೆ. ಬೇಡವೆನ್ನುವವರಿಗೆ ಅದೇ ಗೂಡಿನಲ್ಲಿ ಕೂರುವ, ಒಳಗೇ ಎರಡು ಸುರುಳಿ ಇರುವ ಪಿಕಪ್ಪುಗಳು ಸಿಗುತ್ತವೆ. ಪಿಕಪ್ ಬದಲಿಸುವುದಕ್ಕೆ ನಾನು ಒಪ್ಪುವ ಕಾರಣ ಇದೊಂದೇ, ಅದೂ ಮಿಕ್ಕೆಲ್ಲ ನೋಡಿಯಾದ ಮೇಲೆ.

ಇನ್ನು ಮನೆ. ಫ್ಯಾನಿನ ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಫ್ಯಾನಿಗೆ ಕೊಡುತ್ತದೆ. ಆ ಕತ್ತರಿಯ ಚೂಪಾದ ಅಂಚುಗಳೇ ಜರ್ರ್. ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ ಅಥವಾ ಆರಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಫ್ಯಾನು ಗೊರಗೊರ ಎನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಚೌಕದಲೆಯ ಇನ್ವರ್ಟರ್ ಅದೇ ಗೊರಗೊರವನ್ನು ಬೇಸ್‌ಗೂ ಹಂಚುತ್ತದೆ. ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡುವವರು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಒಮ್ಮೆ ನುಡಿಸಿ ನೋಡಬೇಕು. ಶಬ್ದ ಮಾಯವಾದರೆ ಕಳ್ಳ ಸಿಕ್ಕಿದಂತೆ. ನಾಯ್ಸ್ ಗೇಟ್ ಎಂಬ ಪೆಟ್ಟಿಗೆ ಕೊಳ್ಳಲು ಹೇಳುವವರೂ ಇದ್ದಾರೆ. ಅದು ನೀವು ನುಡಿಸದಿರುವಾಗ ಬಾಗಿಲು ಹಾಕುತ್ತದೆ, ನುಡಿಸುವಾಗ ಸ್ವರದ ಜೊತೆಗೇ ಶಬ್ದವನ್ನೂ ಬಿಡುತ್ತದೆ. ಪತ್ತೆ ಮುಗಿಯುವ ಮೊದಲು ಅದನ್ನು ಕೊಳ್ಳುವುದು ಬೇಡ.

ಮನೆಯಲ್ಲಿ ಶಾಂತವಾಗಿದ್ದ ಬೇಸ್ ವೇದಿಕೆಗೆ ಹೋದೊಡನೆ ಗುಂಯ್ ಎಂದರೆ, ಅಲ್ಲಿ ಹೆಚ್ಚಾಗಿ ಅರ್ಥ್ ಎರಡಾಗಿರುತ್ತದೆ. ಆಂಪ್ ಒಂದು ಸಾಕೆಟ್ಟಿನಲ್ಲಿ, ಮಿಕ್ಸರ್ ದೂರದ ಇನ್ನೊಂದರಲ್ಲಿ. ನೀರಿನ ಮಟ್ಟ ಬೇರೆಬೇರೆ ಇರುವ ಎರಡು ಸಂಪುಗಳಿಗೆ ಪೈಪು ಸೇರಿಸಿದರೆ ಪೈಪಿನಲ್ಲಿ ನೀರು ಹರಿಯುವಂತೆ, ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸ ನಿಮ್ಮ ಕೇಬಲ್ಲಿನ ಬಲೆಯ ಮೂಲಕ ಹರಿದು ಶಬ್ದವಾಗುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿನಿಂದ ನಡೆಸುವುದು ಮೊದಲ ಪರಿಹಾರ. ಆಗದಿದ್ದರೆ ಬೇಸ್‌ನ ಸಿಗ್ನಲ್ಲನ್ನು ಮಿಕ್ಸರ್‌ಗೆ ದಾಟಿಸುವ ಡಿಐ ಬಾಕ್ಸ್‌ನಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ಚು. ಅದು ಕತ್ತರಿಸುವುದು ಸಿಗ್ನಲ್ ಕೇಬಲ್ಲಿನ ನೆಲವನ್ನು ಮಾತ್ರ, ಆಂಪ್‌ನ ಪವರ್ ಅರ್ಥ್ ಹಾಗೇ ಉಳಿಯುತ್ತದೆ.

ಆದರೆ ನಮ್ಮಲ್ಲಿ ಇನ್ನೊಂದು ಉಪಾಯ ಚಾಲ್ತಿಯಲ್ಲಿದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಕಿತ್ತುಹಾಕುವುದು, ಇಲ್ಲವೇ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವುದು. ಗುಂಯ್ ನಿಲ್ಲುತ್ತದೆ, ನಿಜ. ಆದರೆ ಕೈಮುಗಿದು ಕೇಳಿಕೊಳ್ಳುತ್ತೇನೆ, ಅದನ್ನು ಮಾಡಬೇಡಿ. ಬೇಸ್‌ನ ತಂತಿಗಳು ಕೇಬಲ್ಲಿನ ಮೂಲಕ ಆಂಪ್‌ನ ಮೈಗೆ ನೇರ ಸೇರಿವೆ. ಅರ್ಥ್ ಇಲ್ಲದ ಆಂಪ್‌ನೊಳಗೆ ಫೇಸ್ ವೈರು ಸಡಿಲಗೊಂಡು ಮೈಗೆ ತಾಗಿದರೆ 230 ವೋಲ್ಟ್ ನಿಮ್ಮ ಬೆರಳಿನಡಿಗೆ ಬಂದು ನಿಲ್ಲುತ್ತದೆ. ತುಟಿ ಮೈಕಿಗೆ ತಾಗಿದ ಕ್ಷಣ ದಾರಿ ಪೂರ್ತಿಯಾಗುತ್ತದೆ. ಆಂಪ್ ಸರಿಯಿದ್ದು ಮೈಕಿನ ಕಡೆಯ ಅರ್ಥ್ ಕೆಟ್ಟಿದ್ದರೂ ಆಗುವುದು ಅದೇ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ, ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾಗ ಶಾಕ್ ಹೊಡೆದು ಸತ್ತರು.

ಅಕ್ಕನ ಮಗನ ತಂಡಕ್ಕೆ ಗಣೇಶನ ಪೆಂಡಾಲಿನಲ್ಲಿ ಕಾರ್ಯಕ್ರಮವಿತ್ತು. ಸಂಜೆ ಅವನ ಫೋನು ಬಂತು. ‘ಮಾವ, ಮತ್ತೆ ಗುಂಯ್ ಅಂತಿದೆ. ಮನೇಲಿ ಸರಿಯಿತ್ತು.’ ಮೀಟರು ಜೇಬಿಗೆ ಹಾಕಿಕೊಂಡು ಹೋದೆ. ಆಂಪ್‌ಗೆ ಪಕ್ಕದ ಮನೆಯಿಂದ ಕರೆಂಟು ಎಳೆದಿದ್ದರು. ಮಿಕ್ಸರ್ ಇದ್ದದ್ದು ಸೀರಿಯಲ್ ಸೆಟ್ಟುಗಳಿಗೆಂದು ಹಾಕಿದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿ ಬೇಸ್‌ನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿದೆ. 90 ದಾಟಿತು. ಇದರಲ್ಲಿ ಬರೀ ಜುಮ್ಮೆನ್ನಿಸುವ ಸೋರಿಕೆಯೂ ಇರಬಹುದು, ಜೀವ ತೆಗೆಯುವ ಕರೆಂಟೂ ಇರಬಹುದು. ಎರಡರ ವ್ಯತ್ಯಾಸ ಈ ಮೀಟರು ಹೇಳುವುದಿಲ್ಲ. ಹೇಳುವವರೆಗೆ ಕಾಯಲೂ ಬಾರದು. ‘ಯಾರೂ ಮೈಕ್ ಮುಟ್ಬೇಡಿ’ ಎಂದು ಕೂಗಿದೆ.

ಪ್ಲಗ್ಗುಗಳನ್ನೆಲ್ಲ ಕಿತ್ತು ಬೋರ್ಡಿನ ಹಿಂಬದಿ ಬಿಚ್ಚಿಸಿದಾಗ ಅರ್ಥ್ ತೂತಿನ ಹಿಂದೆ ವೈರೇ ಇರಲಿಲ್ಲ. ಮೂರು ತೂತು, ಎರಡೇ ವೈರು. ಶಾಮಿಯಾನದ ಹುಡುಗ ನಾಚಿಕೊಂಡು ಓಡಿಹೋಗಿ ಮೂರು ವೈರಿನ ಉದ್ದದ ಬೋರ್ಡ್ ತಂದ. ಅದನ್ನು ಆಂಪ್ ಇದ್ದ ಸಾಕೆಟ್ಟಿನ ಜೊತೆಗೇ ಹಾಕಿ, ಆ ಸಾಕೆಟ್ಟಿನ ಫೇಸಿಗೂ ಅರ್ಥ್‌ಗೂ ನಡುವೆ ಪೂರ್ತಿ ವೋಲ್ಟೇಜು ಸಿಗುತ್ತಿದೆಯೇ ಎಂದು ನೋಡಿ, ಮತ್ತೆ ತಂತಿ ಮತ್ತು ಮೈಕಿನ ನಡುವೆ ಅಳೆದೆ. ಒಂದು ವೋಲ್ಟೂ ಇರಲಿಲ್ಲ. ಸ್ಪೀಕರಿನ ಗುಂಯ್ ಕೂಡ ಅದರ ಜೊತೆಗೇ ಹೋಗಿತ್ತು.

‘ಈಗ ಹಾಡ್ಬಹುದಾ ಮಾವ?’ ಎಂದು ಕೇಳಿದ ಹುಡುಗ, ಕಡ್ಡಿಗಳನ್ನು ನನ್ನ ಕೈಯಿಂದ ಇಸಿದುಕೊಂಡು ಇನ್ನೊಂದು ಮೈಕನ್ನೂ ತಾನೇ ಅಳೆದು ನೋಡಿದ.